ಸಂಪಿನ ಬಾಯಿ

ಶೀತಲ್ ಸಂಪಿನ ಬಾಯಿಯ ಅಂಚಿಗೆ ಕುಳಿತು ಕಾಲು ಒಳಗೆ ಇಳಿಬಿಟ್ಟಳು. ಕೈಯಲ್ಲಿ ತಂತಿ ಬ್ರಷ್ಷು ಇತ್ತು. ಆದರೆ ಮುಂದಕ್ಕೆ ಇಳಿಯಲಿಲ್ಲ.

"ಏನ್ ಹಂಗ ಕುಂತಿ? ನಿನ್ನ ತವರ ಕಲ್ಯಾಣದ ಕಡಿ ಮ್ವಾಡ ನೋಡು, ಹ್ಯಾಂಗ ಕಪ್ಪ ಹಿಡದದ" ಎಂದಳು ಅತ್ತೆ ಸೂಗಮ್ಮ. ಅವಳು ಮಾಳಿಗೆ ತೊಳೆದು, ಮಳೆನೀರಿನ ಪೈಪಿಗೆ ಜಾಳಿಗೆ ಕಟ್ಟಿ ಆಗಲೇ ಕೆಳಗಿಳಿದಿದ್ದಳು. "ಇವತ್ತ ತೊಳೀಲಿಲ್ಲಂದ್ರ ಮಿರಗದ ಮಳಿ ನೀರು ಇದೇ ರಾಡ್ಯಾಗ ಬಂದು ಬೀಳ್ತದ. ಆಮ್ಯಾಲ ಅದನ್ನೇ ಕುಡೀಬೇಕು."

ಹುಮನಾಬಾದಿನ ಆ ಓಣಿಯಲ್ಲಿ ನಳದ ನೀರು ಬಂದರೆ ಬಂತು. ಮಾಳಿಗೆಯ ನೀರು ಸಂಪಿಗೆ ಇಳಿಯುವಂತೆ ಮಾಡಿಸಿದ್ದು ಸೂಗಮ್ಮನ ಗಂಡ. ನಾಳೆ ಮೊಮ್ಮಕ್ಕಳು ಅಂಗಳದಲ್ಲಿ ಆಡುತ್ತವೆ, ಬೀಳಬಾರದು ಎಂದು ಬಾಯಿಯನ್ನು ಸಣ್ಣದಾಗಿ ಕಟ್ಟಿಸಿದ್ದ. ಅವನು ಸತ್ತ. ಮೊಮ್ಮಕ್ಕಳು ಬರಲಿಲ್ಲ. ಆ ಬಾಯಿಯಲ್ಲಿ ಸೂಗಮ್ಮ ತೂರುತ್ತಿರಲಿಲ್ಲ. ಮಗ ಬಸವಕಿರಣನ ಭುಜವೂ ತೂರುತ್ತಿರಲಿಲ್ಲ. ತೂರುತ್ತಿದ್ದವಳು ತೆಳ್ಳಗಿನ ಸೊಸೆ. ಮದುವೆಯಾದ ವರ್ಷದಿಂದ ಪ್ರತಿ ಮಿರಗಕ್ಕೂ, ಮೃಗಶಿರಾ ಮಳೆ ಹಿಡಿಯುವ ಮೊದಲು, ಅವಳೇ ಇಳಿದು, ಗೋಡೆ ತಿಕ್ಕಿ, ತಳದ ರಾಡಿಯನ್ನು ಬಕೆಟ್ಟಿಗೆ ತುಂಬಿ ತಲೆಯ ಮೇಲಕ್ಕೆ ಎತ್ತಿ ಕೊಡುತ್ತಿದ್ದಳು.

"ಆಗಂಗಿಲ್ರಿ ಅತ್ತಿ" ಎಂದಳು ಶೀತಲ್.

"ಯಾಕ? ಬಾಯಾಗ ಹಿಡಿಯಂಗಿಲ್ಲೇನು? ನಮ್ಮ ಮನಿ ರೊಟ್ಟಿ ಈಗ ಮೈಗಿ ಹತ್ತಾಕತ್ತಾವೇನ್ ನೋಡು."

ಔಷಧ ಫ್ಯಾಕ್ಟರಿಯ ರಾತ್ರಿ ಪಾಳಿ ಮುಗಿಸಿ ಬಂದಿದ್ದ ಬಸವಕಿರಣ ಬಕೆಟ್ಟಿನ ಹಗ್ಗ ಹಿಡಿದು ನಿಂತಲ್ಲೇ ತೂಕಡಿಸುತ್ತಿದ್ದ. "ಲಗೂನ ಇಳಿ. ನನಗ ಕಣ್ಣ ಎಳ್ಯಾಕತ್ತಾವ" ಎಂದ.

ಶೀತಲ್ ಬ್ರಷ್ಷನ್ನು ನೆಲಕ್ಕಿಟ್ಟಳು. "ಮೂರನೇ ತಿಂಗಳು ನಡದದ. ತವರಿಗಿ ಹೋದಾಗ ಕಲ್ಯಾಣದಾಗ ಡಾಕ್ಟರಿಗಿ ತೋರಿಸೀನಿ. ಭಾರ ಎತ್ತಬ್ಯಾಡ ಅಂದಾರ."

ಬಸವಕಿರಣನ ನಿದ್ದೆ ಹಾರಿತು. "ನನಗ್ಯಾಕ ಹೇಳಲಿಲ್ಲ?"

"ಹಿಂದ ಎರಡು ಸಲ ಹೇಳೀನಲ್ಲ. ಎರಡೂ ಸಲ ಓಣಿಗೆಲ್ಲಾ ಪೇಢಾ ಹಂಚಿದ್ರಿ. ಎರಡೂ ನಿಲ್ಲಲಿಲ್ಲ."

ಅವನು ಹಗ್ಗವನ್ನು ಕೈಗೆ ಸುತ್ತಿಕೊಂಡ, ಬಿಚ್ಚಿದ, ಮತ್ತೆ ಸುತ್ತಿಕೊಂಡ. ಸೂಗಮ್ಮ ಕುಕ್ಕರಿಸಿ ಕುಳಿತು ಸಂಪಿನೊಳಗಿನ ಕತ್ತಲನ್ನು ನೋಡುತ್ತಿದ್ದಳು.

"ಎರಡೂ ಕಾರಹುಣ್ಣಿವಿ ಸುಮಾರಿಗೇ ಹೋದವಲ್ಲ" ಎಂದಳು.

"ಹೌದ್ರಿ. ಇದನ್ನ ತೊಳದ ಮ್ಯಾಲ."

"ಆಗ ಆಗಂಗಿಲ್ಲಂತ ಹೇಳಬೇಕಿಲ್ಲ?"

"ಹೇಳಿದ್ನಿರಿ. ನೀವೇ 'ತುಂಬಿದ ಬಸರಾಗ ಭಾವ್ಯಾಗಿಂದ ಕೊಡ ಹೊತ್ತಾಕಿ ನಾನು, ನನಗೇನಾಗ್ಯಾದ' ಅಂದ್ರಿ."

ಶೀತಲ್‌ಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟು ಮಾಡುವಷ್ಟು ತ್ರಾಣವೂ ಇರಲಿಲ್ಲ. ಒಂದೊಂದೇ ಕಾಲು ಮೇಲೆ ಎಳೆದುಕೊಂಡು ಅಲ್ಲೇ ನೆಲದ ಮೇಲೆ ಕುಳಿತಳು. ಗುಡುಗಿತು. ಮೂವರೂ ತಲೆ ಎತ್ತಲಿಲ್ಲ.

ಸೂಗಮ್ಮ ಮೊಣಕಾಲಿಗೆ ಕೈ ಊರಿ ಎದ್ದು ಹಿತ್ತಲಿಗೆ ಹೋದಳು. ಬರುವಾಗ ಹಾರೆಯನ್ನು ನೆಲದ ಮೇಲೆ ಎಳೆದುಕೊಂಡು ಬಂದು ಮಗನ ಕೈಗೆ ಕೊಟ್ಟಳು.

"ಅಂಚು ಒಡಿ. ನೀ ಇಳಿಯೋವಷ್ಟು ದೊಡ್ಡದು ಮಾಡು."

ಬಸವಕಿರಣ ಹಾರೆ ನೋಡಿದ, ಸಿಮೆಂಟಿನ ಅಂಚು ನೋಡಿದ. "ಅವ್ವಾ, ಅಪ್ಪ ಬೇಕಂತನೇ ಸಣ್ಣದು ಮಾಡಿಸಿದ್ದ. ನಾಳಿ ಕೂಸು ಬಿದ್ದರ?"

"ಬೀಳಾಕ ಅದು ಮೊದಲ ಹುಟ್ಟಬೇಕಲ್ಲೋ" ಎಂದಳು ಸೂಗಮ್ಮ.