ಹಸಿರು ಪಟ್ಟಿ

ಪಾಸ್‌ವರ್ಡ್ ಬದಲಿಸುವ ದಿನ ಬಂದಿತ್ತು. ಗದಗಿನ ನಿವೃತ್ತ ಟೈಪಿಂಗ್ ಶಿಕ್ಷಕಿ ನೀಲಗಂಗಾ ಕಂಪ್ಯೂಟರಿಗೆ ಪಾಸ್‌ವರ್ಡಾಗಿ ಹಳೆಯ ನೆನಪೊಂದನ್ನು ಕೊಟ್ಟರು: ಅಕ್ಕನೂ ತಾನೂ ಶಾಲೆ ತಪ್ಪಿಸಿ ಗೂಡ್ಸ್ ಗಾಡಿಯ ಡಬ್ಬಿ ಎಣಿಸಿದ್ದು. ಹೋದ ವರ್ಷ ಇದೇ ನೆನಪಿಗೆ ಪರದೆಯ ಪಟ್ಟಿ ಹಳದಿಯಾಗಿ, "ದುರ್ಬಲ. ಇನ್ನೊಬ್ಬರಿಗೆ ಗೊತ್ತಿದೆ" ಎಂದು ತಿರಸ್ಕರಿಸಿತ್ತು. ಇವತ್ತು ಪಟ್ಟಿ ಪೂರ್ತಿ ಹಸಿರಾಯಿತು. "ಅತಿ ಬಲಿಷ್ಠ. ನಿಮ್ಮ ಹೊರತು ಯಾರಿಗೂ ಗೊತ್ತಿಲ್ಲ."

ಅಕ್ಕ ಹೋಗಿ ಮೂರು ತಿಂಗಳಾಗಿತ್ತು.

ಅದನ್ನು ಅಳಿಸಿ, ಗಂಡನ ಜೊತೆ ಸೈಕಲ್ಲಿನಿಂದ ಬಿದ್ದದ್ದನ್ನು ಹಾಕಿದರು. ಹಸಿರು. ಗೆಳತಿ ಮೆಹಬೂಬಿ ಕಿವಿಯಲ್ಲಿ ಹೇಳಿದ್ದ ಗುಟ್ಟು ಹಾಕಿದರು. ಅದೂ ಹಸಿರು. ಕೊನೆಗೆ ಸಹಾಯವಾಣಿಗೆ ಫೋನ್ ಮಾಡಿದರು.

"ಪಟ್ಟಿ ಕೆಟ್ಟೈತಿ ಅನಸ್ತೈತವಾ. ಏನ್ ಹಾಕಿದ್ರೂ ಹಸರ ತೋರಸ್ತೈತಿ."

"ಒಮ್ಮೆ ಬಂದ್ ಮಾಡಿ ಚಾಲೂ ಮಾಡ್ರಿ," ಎಂದಳು ಸಹಾಯವಾಣಿಯ ಶಾಹೀನ್.

ಮಾಡಿದರು. ಮತ್ತೆ ಹಾಕಿದ ಡಬ್ಬಿಯ ನೆನಪು ಹಸಿರಾಗಿಯೇ ನಿಂತಿತು.

"ಏನೂ ಕೆಟ್ಟಿಲ್ರಿ ಮೇಡಂ. ಹಸರ ಬರ್ಲಿ ಅಂತ ಮಂದಿ ಒದ್ದಾಡ್ತಾರ. ಫೋನ್ ಇಡ್ಲ್ಯಾ?"

"ತಡಿಯವಾ," ಎಂದ ನೀಲಗಂಗಾ ಎಲ್ಲವನ್ನೂ ಹೇಳಿಬಿಟ್ಟರು. ತಾನು ನಲವತ್ತೊಂದು ಡಬ್ಬಿ ಅಂದದ್ದು, ಅಕ್ಕ ನಲವತ್ತೆರಡು ಅಂದದ್ದು, ಆ ಒಂದು ಡಬ್ಬಿಗಾಗಿ ಇಬ್ಬರೂ ಅರವತ್ತು ವರ್ಷ ಯಾರಿಗೂ ಕೇಳದ ಹಾಗೆ ಜಗಳಾಡಿದ್ದು.

ಪಟ್ಟಿ ಹಳದಿಗೆ ತಿರುಗಿತು.

"ನನಗ್ಯಾಕ ಹೇಳಿದ್ರಿ? ಈಗ ಅದು ಹಾಳಾತು, ಬ್ಯಾರೆ ಹಾಕ್ರಿ," ಎಂದಳು ಶಾಹೀನ್. "ಆದ್ರ ನಿಮ್ಮ ಅಕ್ಕಾರು ಹೇಳಿದ್ದಽ ಖರೆ ಇರಬೇಕ್ರಿ. ಎಂಜಿನ್ ಹಿಂದಿಂದು ನೀವು ಬಿಟ್ಟಿರ್ತೀರಿ."

ನೀಲಗಂಗಾ ಕುರ್ಚಿಯನ್ನು ಮುಂದಕ್ಕೆಳೆದುಕೊಂಡರು.

"ಏನೂ ಬಿಟ್ಟಿಲ್ಲ. ನಲವತ್ತೊಂದಽ ಇದ್ವು."