ಮಂಗಳವಾರದ ಸ್ನ್ಯಾಪ್‌ಶಾಟ್

ಸುಧೀರ ಅಣ್ಣನ ಕೈಯಿಂದ ಮೌಸ್ ಕಸಿದುಕೊಂಡ. “ಹಳೇ ಸ್ನ್ಯಾಪ್‌ಶಾಟ್ ಯಾಕ ಅಳಸಾಕತ್ತಿ?”

“ಸ್ಟೋರೇಜ್ ತುಂಬೇತೋ. ಹೊಸಾ ರೆಕಾರ್ಡಿಂಗಿಗೆ ಜಾಗಾ ಇಲ್ಲ,” ಎಂದ ಶಿವಾನಂದ, ಕಣ್ಣು ತಪ್ಪಿಸಿ.

ಟಿಕೋಟಾದಲ್ಲಿದ್ದ ಅವರ ಶೆಡ್ಡಿನಿಂದ ಒಣದ್ರಾಕ್ಷಿ ಪೆಟ್ಟಿಗೆಗಳು ಕಾಣೆಯಾದದ್ದು ಮಂಗಳವಾರ. ಕ್ಯಾಮೆರಾದಲ್ಲಿ ಸೆರೆಯಾದ ಆ ಒಂದು ದಿನವನ್ನಷ್ಟೇ ಯಾರೋ ಅಳಿಸಿದ್ದರು. ಪಾಸ್‌ವರ್ಡ್ ಗೊತ್ತಿದ್ದದ್ದು ಅಣ್ಣತಮ್ಮಂದಿರಿಬ್ಬರಿಗೇ. ಕಳ್ಳ ಮನೆಯಲ್ಲೇ ಕೂತಿದ್ದಾನೆ ಎಂದುಕೊಂಡ ಸುಧೀರ. ಅಳಿಸಿದ್ದೂ, ಕಂಪ್ಯೂಟರ್ ದಿನಾ ತಾನೇ ತೆಗೆದಿಡುವ ನಕಲಾದ ಸ್ನ್ಯಾಪ್‌ಶಾಟಿನಲ್ಲಿ ಹಾಗೇ ಉಳಿದಿರುತ್ತದೆಂದು ಅವನಿಗೆ ಗೊತ್ತಿತ್ತು. ಅಣ್ಣನ ಮುಖವನ್ನೇ ನೋಡುತ್ತ ಮಂಗಳವಾರದ್ದನ್ನು ತೆರೆದ.

ಪರದೆಯಲ್ಲಿ, ತವರಿನಿಂದ ಬಂದ ತನ್ನ ತಮ್ಮನ ಬೈಕಿಗೆ ಪೆಟ್ಟಿಗೆ ಏರಿಸುತ್ತಿದ್ದವಳು ಸಂಪದಾ, ಸುಧೀರನ ಹೆಂಡತಿ.

ಅಡುಗೆಮನೆಯ ಕಡೆಯಿಂದ ಬಳೆ ಸದ್ದಾಯಿತು. ಶಿವಾನಂದ ಅಂಗೈ ಅಗಲಿಸಿ ಪರದೆ ಮುಚ್ಚಿದ.

“ಬಂದ್ ಮಾಡೋ ತಮ್ಮಾ. ಆಕಿ ಚಹಾ ತರಾಕತ್ತಾಳ.”