ಹಸಿರು ಚುಕ್ಕೆಗಳು

"ನಾನು ಬರಲ್ಲ" ಎಂದು ಟೀಚರಮ್ಮ ಮೂರನೇ ಸಲ ಹೇಳಿದಾಗ ಮಗ ಕೈಯಲ್ಲಿದ್ದ ಪೆನ್ನನ್ನು ಮೇಜಿನ ಮೇಲೆ ಕುಕ್ಕಿದ. ಅವನೆದುರು ಮಹಾನಗರದ ನಕ್ಷೆ ಹರಡಿಕೊಂಡು ಬಿದ್ದಿತ್ತು. ಎರಡು ದಿನದ ಪ್ರವಾಸ. ಬೆಳಿಗ್ಗೆ ವಸ್ತುಸಂಗ್ರಹಾಲಯ, ಆಮೇಲೆ ನದಿಯ ಮೇಲಿನ ತೂಗುಸೇತುವೆ, ಸಂಜೆಗೆ ಮೂವತ್ತನೇ ಮಹಡಿಯ ಹೋಟೆಲಿನಲ್ಲಿ ಊಟ. ವಸ್ತುಸಂಗ್ರಹಾಲಯವನ್ನು ಅವನು ಸೇರಿಸಿದ್ದೇ ಅಮ್ಮನಿಗಾಗಿ. ಅಲ್ಲಿ ಹಳೆಯ ಟೈಪ್‌ರೈಟರುಗಳದ್ದೇ ಒಂದು ಕೋಣೆ ಇತ್ತು. ಮೂವತ್ತೆಂಟು ವರ್ಷ ಟೈಪಿಂಗ್ ಕಲಿಸಿದವರು ಅದನ್ನು ನೋಡದಿದ್ದರೆ ಇನ್ಯಾರು ನೋಡಬೇಕು?

"ಮಂಡಿ ನೋವು ಕಣೋ. ನೀವಿಬ್ಬರೂ ಹೋಗಿ ಬನ್ನಿ."

"ನಮ್ಮ ಜೊತೆ ಬರೋಕೆ ಇಷ್ಟ ಇಲ್ಲ ಅಂತ ನೇರವಾಗಿ ಹೇಳಿಬಿಡಮ್ಮ" ಎಂದವನೇ ಮಗ ಮುಖ ಊದಿಸಿಕೊಂಡು ಎದ್ದು ಹೋದ. ಪಕ್ಕದಲ್ಲಿ ಬಟಾಣಿ ಸುಲಿಯುತ್ತಿದ್ದ ಸೊಸೆ ಅತ್ತೆಯ ಮುಖವನ್ನೊಮ್ಮೆ ನೋಡಿ ಮತ್ತೆ ತಲೆ ತಗ್ಗಿಸಿದಳು.

ಮಂಡಿಗೆ ಬಾಯಿದ್ದಿದ್ದರೆ ಮಾನನಷ್ಟ ಮೊಕದ್ದಮೆ ಹೂಡುತ್ತಿತ್ತು. ಟೀಚರಮ್ಮ ದಿನಾ ಮೂರು ಮಹಡಿ ಹತ್ತಿ ಬಟ್ಟೆ ಒಣಹಾಕಿ ಬರುವವರು. ಅವರ ತೊಂದರೆಯೇ ಬೇರೆ. ಎರಡು ವರ್ಷದಿಂದ ಮೂತ್ರ ಬಂತೆಂದರೆ ಬಂತು, ಐದು ನಿಮಿಷ ತಡೆಯಲಾಗುತ್ತಿರಲಿಲ್ಲ. ಒಮ್ಮೆ ಬ್ಯಾಂಕಿನ ಸಾಲಿನಲ್ಲಿ ನಿಂತಿದ್ದಾಗ ಆಗಬಾರದ್ದು ಆಗಿಹೋಗಿ, ಕೈಚೀಲವನ್ನು ಹಿಂದಕ್ಕೆ ಅಡ್ಡ ಹಿಡಿದುಕೊಂಡು ಗೋಡೆ ಬದಿಯಲ್ಲೇ ನಡೆದು ಮನೆ ಸೇರಿದ್ದರು. ಅಂದಿನಿಂದ ಮದುವೆ ಇಲ್ಲ, ಸಿನಿಮಾ ಇಲ್ಲ. ತರಕಾರಿ ತರುವುದಕ್ಕೂ ಬೀದಿಯ ತುದಿಯವರೆಗೆ ಮಾತ್ರ. ಹೆತ್ತ ಮಗನ ಹತ್ತಿರ ಹೇಳಿಕೊಳ್ಳುವ ಮಾತೇ ಅದು? ಆ ಟೈಪ್‌ರೈಟರ್ ಕೋಣೆಯ ಚಿತ್ರ ಪತ್ರಿಕೆಯಲ್ಲಿ ಬಂದಾಗ ಕತ್ತರಿಸಿ ಇಟ್ಟುಕೊಂಡು, ಆಗಾಗ ತೆಗೆದು ನೋಡುತ್ತಿದ್ದುದೂ ಅವರೊಬ್ಬರಿಗೇ ಗೊತ್ತು.

ಸಂಜೆ ಸೊಸೆ ಅವರ ಕೋಣೆಗೆ ಬಂದು ಮಂಚದ ತುದಿಯಲ್ಲಿ ಕೂತಳು. ಈಗ ಬಸ್ ಡಿಪೋದಲ್ಲಿ ಮೇಜಿನ ಕೆಲಸ ಮಾಡುವ ಆಕೆ, ಮದುವೆಗೆ ಮುಂಚೆ ಎಂಟು ವರ್ಷ ಅದೇ ಮಹಾನಗರದ ಬಸ್ಸುಗಳಲ್ಲಿ ಕಂಡಕ್ಟರ್ ಆಗಿದ್ದವಳು. ಗಂಡ ಬಿಟ್ಟುಹೋದ ನಕ್ಷೆಯನ್ನು ಅತ್ತೆಯ ತೊಡೆಯ ಮೇಲೆ ಬಿಡಿಸಿದಳು. ದಾರಿಯುದ್ದಕ್ಕೂ ಹಸಿರು ಶಾಯಿಯ ಚುಕ್ಕೆಗಳು.

"ಇದೇನೇ ಇದು, ನಕ್ಷೆಗೆ ಸಿಡುಬು ಎದ್ದಂಗಿದೆ?"

"ನಾವು ನಿಲ್ಲೋ ಜಾಗ ಅತ್ತೆ. ಇದು ವಸ್ತುಸಂಗ್ರಹಾಲಯದ ಒಳಗೆ, ಎಡಗಡೆ. ಟೈಪ್‌ರೈಟರ್ ಕೋಣೆಯಿಂದ ಇಪ್ಪತ್ತು ಹೆಜ್ಜೆ. ನೀರು ಬರುತ್ತೆ, ಚಿಲಕ ಸರಿಯಾಗಿ ಬೀಳುತ್ತೆ. ಸೇತುವೆ ಹತ್ತಿರದ್ದು ರಿಪೇರಿಯಲ್ಲಿದೆಯಂತೆ. ನನ್ನ ಜೊತೆಗಿದ್ದವಳು ಈಗಲೂ ಅದೇ ರೂಟಲ್ಲಿದಾಳೆ, ಮಧ್ಯಾಹ್ನ ಫೋನ್ ಮಾಡಿ ಕೇಳಿದೆ. ಅದಕ್ಕೆ ಸೇತುವೆ ಬೇಡ, ದೋಣಿಕಟ್ಟೆಗೆ ಹೋಗೋಣ. ನದಿ ಅಲ್ಲೂ ಅದೇ ನದಿ ತಾನೇ? ಇನ್ನು ಹೋಟೆಲಲ್ಲಿ ನಿಮ್ಮ ಮಗ ನಟ್ಟನಡುವಿನ ಟೇಬಲ್ ಹೇಳಿದ್ರು. ಎದ್ದು ಬರೋಕೆ ಹತ್ತು ಜನರ ಕುರ್ಚಿ ಸರಿಸಬೇಕು. ನಾನು ಮೂಲೆದು ಹೇಳಿದೀನಿ. ಅಲ್ಲಿಂದಲೂ ಊರೆಲ್ಲ ಕಾಣುತ್ತೆ."

ಟೀಚರಮ್ಮನ ಕಿವಿ ಬಿಸಿಯಾಯಿತು. ಮುಖ ಎಲ್ಲಿಡುವುದೆಂದು ತಿಳಿಯದೆ ನಕ್ಷೆಯ ಮೇಲೇ ಇಟ್ಟರು.

"ಯಾರು ಹೇಳಿದ್ರು ನಿನಗೆ?"

"ಯಾರು ಹೇಳಬೇಕು? ಬೀದಿ ತುದಿಗೆ ತರಕಾರಿಗೆ ಹೊರಡೋ ದಿನಾನೂ ನೀವು ಬೆಳಿಗ್ಗೆಯಿಂದ ಒಂದು ಗುಟುಕು ನೀರು ಮುಟ್ಟಲ್ಲ. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನೂ ಹಾಗೇ ಮಾಡ್ತಿದ್ದೆ ಅತ್ತೆ. ಆರು ತಿಂಗಳಿಗೆ ಆಸ್ಪತ್ರೆ ಸೇರಿದೆ. ಆಮೇಲೆ ನಾವು ಲೇಡಿ ಕಂಡಕ್ಟರುಗಳೆಲ್ಲ ಸೇರಿ ಇಡೀ ಊರಿಂದು ಪಟ್ಟಿ ಮಾಡಿದ್ವಿ. ಯಾವ ಅಂಗಡಿಯವರು ಬೇಡ ಅನ್ನಲ್ಲ, ಯಾವ ಆಫೀಸಿನ ಕಾವಲುಗಾರ ಒಳ್ಳೆಯವನು, ಎಲ್ಲಾ. ಹೋಗಿ ಬಂದಮೇಲೆ ಒಂದ್ಸಲ ಡಾಕ್ಟರ ಹತ್ರ ಹೋಗೋಣ. ಇದಕ್ಕೆ ಔಷಧಿ ಇದೆ."

"ಅವನಿಗೆ ಗೊತ್ತಾ?"

"ನಿಮ್ಮ ಮಗನಿಗಾ? ಚುಕ್ಕೆ ಇರೋ ಕಡೆಯೆಲ್ಲ ಫೋಟೋ ಚೆನ್ನಾಗಿ ಬರುತ್ತೆ ಅಂದಿದೀನಿ. ಕ್ಯಾಮೆರಾ ಒರೆಸ್ತಾ ಕೂತಿದಾರೆ."

ಟೀಚರಮ್ಮನಿಗೆ ಕಿಸಕ್ಕನೆ ನಗು ಬಂತು, ಜೊತೆಗೇ ಕಣ್ಣೂ ತುಂಬಿತು. ಕನ್ನಡಕ ಏರಿಸಿಕೊಂಡು ನಕ್ಷೆಯನ್ನು ತುದಿಯಿಂದ ತುದಿಯವರೆಗೆ ಓದಿದರು. ಸಾವಿರಾರು ಹಾಳೆ ತಿದ್ದಿದ ಕಣ್ಣು. ತಪ್ಪು ಹುಡುಕದೆ ಅದಕ್ಕೆ ಸಮಾಧಾನವಿಲ್ಲ. ಒಂದೂ ಸಿಗಲಿಲ್ಲ. ಈ ಹುಡುಗಿ ಮನೆಗೆ ಬಂದು ನಾಲ್ಕು ವರ್ಷವಾಯಿತು, ಮಾತು ಕಡಿಮೆ, ಸ್ವಲ್ಪ ಒರಟು ಎಂದುಕೊಂಡಿದ್ದೆನಲ್ಲ ಎಂದು ಮನಸ್ಸಿನಲ್ಲೇ ತಲೆ ಚಚ್ಚಿಕೊಂಡರು.

"ನಾಲ್ಕನೇ ಟಿಕೆಟ್ ಒಂದು ಸಿಗುತ್ತೇನೇ?" ಎಂದು ಕೇಳಿ, ಉತ್ತರಕ್ಕೂ ಕಾಯದೆ ಅಕ್ಕನಿಗೆ ಫೋನ್ ಹಚ್ಚಿದರು. ಅಕ್ಕನ ಮನೆ ಎರಡು ಬೀದಿ ಆಚೆ. ಗಂಡ ತೀರಿಕೊಂಡ ಮೇಲೆ ಆಕೆ ಯಾರ ಮನೆ ಹೊಸಿಲೂ ತುಳಿದಿರಲಿಲ್ಲ. ಸೊಕ್ಕು ಎಂದು ನೆಂಟರೆಲ್ಲ ತೀರ್ಮಾನಿಸಿಬಿಟ್ಟಿದ್ದರು, ಟೀಚರಮ್ಮನೂ ಹೂಂಗುಟ್ಟಿದ್ದರು.

"ಅಕ್ಕಾ, ಶನಿವಾರ ಪ್ರವಾಸ ಹೊರಟಿದೀವಿ. ನೀನೂ ಬಾ."

"ನಾನೆಲ್ಲಿ ಬರಲಿ? ನನಗೆ ಸೊಂಟ ನೋವು."

"ಅದಿರಲಿ ಬಿಡು. ನನ್ನ ಸೊಸೆ ದಾರಿಯುದ್ದಕ್ಕೂ ಎಲ್ಲೆಲ್ಲಿ ಇದೆ ಅಂತ ಗುರುತು ಹಾಕಿಟ್ಟಿದಾಳೆ."

ಏನು ಎಲ್ಲಿದೆ ಎಂದು ಅಕ್ಕ ಕೇಳಲಿಲ್ಲ. ತೀರಾ ಸಣ್ಣ ದನಿಯಲ್ಲಿ, "ಎಷ್ಟೆಷ್ಟು ದೂರಕ್ಕೆ ಒಂದೊಂದು ಇದೆಯಂತೆ?" ಎಂದರು.